ಇನ್ನೂರರ ಮೇಲೆ ಒಂದು

"ಫೀಸು," ಎಂದು ಉದಯಶಂಕರ್ ಬಿಳಿ ಲಕೋಟೆಯನ್ನು ಮೇಜಿನ ಮೇಲಿಟ್ಟು ಲೋಸಾಳ ಕಡೆಗೆ ತಳ್ಳಿದ. ದಿವಾಳಿ ಅರ್ಜಿಗೆ ಇನ್ನೂರು ಡಾಲರಾದರೂ ಆಗುತ್ತದೆ ಎಂದು ಅವನಿಗೆ ಯಾರೂ ಹೇಳಿರಲಿಲ್ಲ. ಅವನೇ ಅಂದಾಜು ಕಟ್ಟಿದ್ದ. ಸರ್ಕಾರಿ ಕಾಗದ ಬರಿಗೈಯಲ್ಲಿ ಮುಂದೆ ಹೋಗುವುದಿಲ್ಲ ಎಂಬುದು ಅವನು ಚನ್ನರಾಯಪಟ್ಟಣದಿಂದ ಸಾಮಾನಿನ ಜೊತೆ ಕಟ್ಟಿಕೊಂಡು ಬಂದಿದ್ದ ತಿಳಿವಳಿಕೆ.

ಸಾಲದಲ್ಲಿ ಸಿಕ್ಕಿಕೊಂಡವರಿಗೆ ಪುಕ್ಕಟೆ ಸಲಹೆ ಕೊಡುವ ಕಚೇರಿ ಅದು, ಅವನು ವಲಸೆ ಬಂದ ದೇಶದ ಪಾಪಟೋಟೊಯಿ ಬಡಾವಣೆಯಲ್ಲಿ. ಸಮೋವಾ ಕಡೆಯ ಹೆಂಗಸಾದ ಲೋಸಾ ಇಂಥವರನ್ನು ದಿನಾ ನೋಡುವವಳು. ಲಕೋಟೆಯನ್ನು ಮುಟ್ಟದೆ, ಇಂಗ್ಲಿಷಿನಲ್ಲಿ, "ಇದಕ್ಕೆ ಫೀಸಿಲ್ಲ," ಎಂದಳು.

"ಇಲ್ವೇ ಇಲ್ವಾ?" ಉದಯಶಂಕರನಿಗೆ ನಿರಾಸೆಯೇ ಆಯಿತು. ದೋಸೆ ಟ್ರಕ್ ಶುರು ಮಾಡಿದ ಮೇಲೆ ಅವನಿಗೆ ಬಿಟ್ಟಿಯಾಗಿ ಸಿಕ್ಕಿದ ಮೊದಲ ಸೌಲಭ್ಯ ಅದು.

"ಈ ದುಡ್ಡು ಎಲ್ಲಿಂದ ಬಂತು?"

"ತಾರಾ ಆಂಟಿ ಹತ್ತಿರ ಸಾಲ ತಂದಿದ್ದು. ಇವತ್ತೇ ವಾಪಸ್ ಕೊಟ್ಟುಬಿಡ್ತೀನಿ."

"ಕೊಡೋ ಹಾಗಿಲ್ಲ. ಒಬ್ಬರಿಗೆ ತೀರಿಸಿ ಉಳಿದವರ ಮುಂದೆ ಕೈ ಎತ್ತೋದು ಆಗಲ್ಲ. ಸಾಲ ಅಂದ್ರೆ ಬ್ಯಾಂಕಿನ ಜೊತೆ ಅವರ ಹೆಸರನ್ನೂ ಸೇರಿಸ್ಬೇಕು. ಅವರ ಮನೆಗೂ ಕಾಗದ ಹೋಗುತ್ತೆ."

ತಾರಾ ಆಂಟಿ ಮೈಸೂರಿನಲ್ಲಿ ನರ್ಸಿಂಗ್ ಕಲಿತು ಬಂದವರು, ಅದೇ ಊರಿನ ಬಾಟನಿ ಡೌನ್ಸ್ ಬಡಾವಣೆಯಲ್ಲಿ ಮನೆ. ಟ್ರಕ್ಕನ್ನು ಫೈನಾನ್ಸಿನವರು ಎಳೆದುಕೊಂಡು ಹೋದ ಮೇಲೂ ಅವನ ಫೋನು ಎತ್ತುತ್ತಿದ್ದ ಹಿರಿಯರೆಂದರೆ ಅವರೊಬ್ಬರೇ. ಲಕೋಟೆ ಕೊಟ್ಟು, ಊಟ ಹಾಕಿ ಕಳಿಸಿದ್ದರು. ಕೊಟ್ಟವರ ಎದುರು ಬಿಚ್ಚಿ ಎಣಿಸಬಾರದೆಂದು ಉದಯಶಂಕರ್ ಹಾಗೇ ಜೇಬಿಗಿಟ್ಟುಕೊಂಡಿದ್ದ, ಆಮೇಲೂ ಬಿಚ್ಚಿರಲಿಲ್ಲ. ಈಗ ಅವರ ಮನೆ ಬಾಗಿಲಿಗೆ, ಈತ ನಿಮ್ಮ ಸಾಲ ತೀರಿಸಲಾರ ಎಂದು ಸರ್ಕಾರದ ಕಾಗದ.

"ಹಾಗಾದ್ರೆ ಅರ್ಜೀನೇ ಬೇಡ," ಎಂದು ಎದ್ದೇಬಿಟ್ಟ.

ಪಕ್ಕದಲ್ಲಿ ಕೂತಿದ್ದ ಹೆಂಡತಿ ಪ್ರತೀಕ್ಷಾ ಲಕೋಟೆಯನ್ನು ಎತ್ತಿಕೊಂಡು ಹರಿದು ಕೊಡವಿದಳು. ನೋಟುಗಳು ಬಿದ್ದವು. ಅವುಗಳ ಹಿಂದೆ ಒಂದು ಡಾಲರಿನ ನಾಣ್ಯ ಉರುಳಿಕೊಂಡು ಬಂದು ಲೋಸಾಳ ಟೀ ಕಪ್ಪಿಗೆ ತಾಗಿ ನಿಂತಿತು.

"ರೀ, ಕೂತ್ಕೊಳ್ಳಿ. ಇದು ಸಾಲ ಅಲ್ಲ."

"ಬಾಯಿಬಿಟ್ಟು ಸಾಲ ಅಂತಾನೇ ಕೇಳಿದ್ದೀನಿ ಕಣೇ."

"ನೀವು ಕೇಳಿದ್ದು ಸಾಲ. ಅವರು ಕೊಟ್ಟಿದ್ದು ಇನ್ನೂರೊಂದು. ಸಾಲ ಕೊಡೋರು ಯಾರಾದ್ರೂ ಮೇಲೊಂದು ಸೇರಿಸ್ತಾರಾ?"

ಲೋಸಾ ಇಬ್ಬರ ಮುಖವನ್ನೂ ನೋಡಿದಳು. ನಮ್ಮಲ್ಲಿ ಮದುವೆ, ಗೃಹಪ್ರವೇಶಕ್ಕೆ ಕೊಡುವ ದುಡ್ಡಿಗೆ ಹೀಗೆ ಒಂದು ಸೇರಿಸಿಯೇ ಕೊಡುವುದು ಎಂದು ಪ್ರತೀಕ್ಷಾ ಇಂಗ್ಲಿಷಿನಲ್ಲಿ ವಿವರಿಸಿದಳು. ದಿವಾಳಿಗೂ ಹಾಗೆ ಕೊಡುತ್ತಾರೆಯೇ ಎಂದು ಲೋಸಾ ಕೇಳಿದಳು. ಗೇಲಿಯಲ್ಲ, ಅವಳಿಗೆ ನಿಜಕ್ಕೂ ತಿಳಿಯಬೇಕಿತ್ತು. ಕೊಟ್ಟವರ ಬಾಯಿಂದಲೇ ಒಂದು ಮಾತು ಬಂದರೆ ಸಾಕು ಎಂದಳು.

ಉದಯಶಂಕರ್ ಫೋನು ಹಚ್ಚಿ ಸ್ಪೀಕರ್ ಒತ್ತಿದ.

"ನಾಣ್ಯ ನೋಡ್ಲಿಲ್ವೇನೋ, ದಡ್ಡ?" ತಾರಾ ಆಂಟಿ ವಾರ್ಡಿನಲ್ಲಿದ್ದರು. "ಸಾಲ ಕೊಡೋಕೆ ನಾನೇನು ಬ್ಯಾಂಕಾ?"

"ಆಂಟಿ, ಸ್ವಲ್ಪ ಇಂಗ್ಲಿಷಲ್ಲಿ ಹೇಳಿ. ಇಲ್ಲಿ ಮೇಡಂ ಕೇಳಿಸ್ಕೋತಿದ್ದಾರೆ."

"ಗಿಫ್ಟ್!" ಎಂದು ಆಂಟಿ ಕಿವುಡರಿಗೆ ಹೇಳುವಂತೆ ಕೂಗಿದರು. "ಗಿಫ್ಟ್! ಇಡೋ ಫೋನು, ರೌಂಡ್ಸಿಗೆ ಡಾಕ್ಟ್ರು ಬಂದ್ರು."

ಲೋಸಾ ಹಾಗೆಂದೇ ಟೈಪ್ ಮಾಡಿಕೊಂಡಳು. ಉದಯಶಂಕರನ ಕಣ್ಣು ತುಂಬಿ ಬಂತು. ಬ್ಯಾಂಕಿನವರು, ಫೈನಾನ್ಸಿನವರು ಎಷ್ಟು ಗದರಿಸಿದರೂ ಹಾಗಾಗಿರಲಿಲ್ಲ.

ಅರ್ಜಿ ಕಳಿಸಿ ಇಬ್ಬರೂ ಹೊರಗೆ ಬಂದರು. ಸೀರೆ ಅಂಗಡಿ ದಾಟಿ ರೈಲು ನಿಲ್ದಾಣದ ಕಡೆ ತಿರುಗುವಾಗ ಅವನು ನಿಟ್ಟುಸಿರು ಬಿಟ್ಟ. "ಸದ್ಯ, ಆಂಟಿ ಸಾಲ ಒಂದರಿಂದ ಬಚಾವಾದೆ."

"ಏನ್ ಬಚಾವು?" ಪ್ರತೀಕ್ಷಾ ನಾಣ್ಯವನ್ನು ಪರ್ಸಿನ ಒಳಗಿನ ಖಾನೆಗೆ ಹಾಕಿ ಜಿಪ್ ಎಳೆದಳು. "ಸಾಲ ಆಗಿದ್ರೆ ಬ್ಯಾಂಕಿನದರ ಜೊತೆ ಅದೂ ದಿವಾಳೀಲಿ ಅಳಿಸಿ ಹೋಗ್ತಿತ್ತು. ಫೆಬ್ರವರೀಲಿ ಅವರ ಮಗಳ ಮದುವೆ. ಮುಯ್ಯೀನ ಯಾವ ಸರ್ಕಾರ ಮನ್ನಾ ಮಾಡುತ್ತೆ?"