ಅಸಿಟೋನ್ ಬೆರೆಸಿದ ಕ್ಯಾನು

ಫೈಬರ್ ದೋಣಿ ಕಟ್ಟುವ ಲೋಹಿತಾಕ್ಷ ಬಂದರಿಗೆ ಸಾಮಾನು ಒಯ್ಯುತ್ತಿದ್ದ. ಮೀನು ಮಾರುಕಟ್ಟೆಯ ಜನಜಂಗುಳಿಯಲ್ಲಿ ಅವನ ವ್ಯಾನು ಸಿಕ್ಕಿಹಾಕಿಕೊಂಡು ನಿಂತಿದ್ದಾಗ, ಶೆಡ್ಡಿನಿಂದ ಕೆಲಸಗಾರ ಉಮಾನಾಥನ ಫೋನು ಬಂತು.

"ಅಣ್ಣ, ಹಾರ್ಡನರ್ ಹಾಕಿದ ಕೂಡ್ಲೇ ಫೈಬರ್ ಗಟ್ಟಿ ಆಗ್ತದಲ್ಲ, ಹಾಗಾಗಿ ಹಾರ್ಡನರಿನ ಒಂದು ಕ್ಯಾನಿಗೆ ಅಸಿಟೋನ್ ಸೇರಿಸಿ ತೆಳು ಮಾಡಿದೆ. ಇನ್ನೊಂದಕ್ಕೂ ಸೇರಿಸ್ಲಾ?"

ಹಾಗೆ ಬೆರೆಸಿದ ಕ್ಯಾನೊಂದು ಸಿಡಿದೇ ಲೋಹಿತಾಕ್ಷನ ತಮ್ಮನ ಎರಡೂ ಕಣ್ಣು ಹೋಗಿದ್ದವು.

"ಬೇಡ ಮಾರಾಯ! ಅಸಿಟೋನ್ ಸೇರಿದ್ರೆ ಅದು ಬಾಂಬ್! ಆ ಕ್ಯಾನು ಬಿಸಿ ಆಗಿದೆಯಾ?"

"ಬೆಳಿಗ್ಗೆ ಎತ್ತುವಾಗ ಬೆಚ್ಚಗಿತ್ತು. ಸ್ವಲ್ಪ ಉಬ್ಬಿತ್ತು ಕೂಡ."

"ಅಯ್ಯೋ, ಈಗ ಅದರ ಹತ್ತಿರ ಯಾರಿದ್ದಾರೆ?"

ಉಮಾನಾಥನ ದನಿ ಸಣ್ಣದಾಯಿತು.

"ನೀವೇ ಅಣ್ಣ. ನಿಮ್ಮ ಸೀಟಿನ ಹಿಂದೆ ಇಟ್ಟಿದ್ದೇನೆ."