ಸೀಗಡಿ ಬಾಗಿಲು ತೆರೆದಾಗ

ಗಂಡ ಮನ್ರಾಪಿಯ ಶವ ಕಡಲಲ್ಲಿ ಸಿಕ್ಕಿತೆಂಬ ಸುದ್ದಿ ಬಂದರು ನಗರ ಮಕಾಸ್ಸರ್‌ನ ಮನೆಗೆ ಬಂದಾಗ, ದಾರಾ ಅವನು ಹಿಡಿದು ತಂದಿದ್ದ ಮುಂಗಾಲಿನಿಂದ ಗುದ್ದಿ ಚಿಪ್ಪು ಒಡೆಯುವ ಸೀಗಡಿಯ ಗಾಜಿನ ತೊಟ್ಟಿಯ ಹಿಂಬದಿಗೆ ಹೊರಗಿನಿಂದ ನೀಲಿ ಬಣ್ಣ ಬಳಿಯುತ್ತಿದ್ದಳು. ಅವಳು ಕುಂಚ ಕೆಳಗಿಡಲಿಲ್ಲ, ಪ್ರಾರ್ಥನೆ ಹೇಳಲಿಲ್ಲ.

ಒಂಬತ್ತು ದಿನಗಳಿಂದ ಸೀಗಡಿ ತೊಟ್ಟಿಯೊಳಗಿನ ತನ್ನ ಬಿಲದ ಬಾಯಿಗೆ ಕಲ್ಲು ಒಟ್ಟಿಕೊಂಡು ಒಳಗಿತ್ತು. ಮೈದುನ ತಂಪೊ ಅಂಗಿಯ ತೋಳು ಮಡಚಿದ. “ಅತ್ತಿಗೆ, ಇದೂ ಸತ್ತಿದೆ. ನೀರು ನಾರೋಕೆ ಮುಂಚೆ ತೆಗೀತೀನಿ.”

“ಕೈ ಹಾಕ್ಬೇಡ! ಪೊರೆ ಬಿಡೋವಾಗ ಬಾಗಿಲು ಹಾಕ್ಕೊಳ್ಳುತ್ತೆ, ಮುಟ್ಟಿದ್ರೆ ಸಾಯುತ್ತೆ ಅಂತ ನಿಮ್ಮಣ್ಣನೇ ಹೇಳಿದ್ದು.”

“ಹೋದವರೆಲ್ಲ ಬರ್ತಾರೆ ಅಂತ ಕಾಯ್ತಾ ಕೂತಿರ್ತೀರಾ?”

ಅವನ ಬೆರಳು ಕಲ್ಲಿಗೆ ತಾಗುವಷ್ಟರಲ್ಲಿ ಒಳಗಿನಿಂದ ಟಕ್ ಎಂದಿತು. ತಂಪೊ ಕೈ ಹಿಂದಕ್ಕೆಳೆದುಕೊಂಡ. ಕಲ್ಲೊಂದು ಉರುಳಿ, ಎರಡು ಕಣ್ಣು ಹೊರಗಿಣುಕಿದವು.

ದಾರಾ ಕುಂಚ ಕೆಳಗಿಟ್ಟಳು. “ಇದು ಬಂತು, ತಂಪೊ. ಅವರು ಬರಲ್ಲ.” ನೀಲಿ ಮೆತ್ತಿದ ಅಂಗೈಗಳನ್ನು ಮೇಲೆತ್ತಿದಳು. “ಯಾ ಅಲ್ಲಾಹ್, ಅವರ ಗೋರಿಗೆ ಬೆಳಕು ಕೊಡು, ಅವರಿಗೆ ಶಾಂತಿ ಕೊಡು.”