ಚೌಕಶಿಗೆ ಹೋದ ಅಣ್ಣ

ಥೂ! ಮಲ್ಲೇಶ ಕರವಸ್ತ್ರವನ್ನು ಮೂಗಿಗೆ ಒತ್ತಿಕೊಂಡ. ಭರಮುವಿನ ತಗಡಿನ ಬಾಗಿಲಿಗೆ ಬೀಗ ಬಿದ್ದಿತ್ತು. ಕಾಲ ಬುಡದಲ್ಲೇ ಗಟಾರು ಕಪ್ಪಗೆ ಹರಿಯುತ್ತಿತ್ತು. ಪುಣೆಯ ಈ ಝೋಪಡಪಟ್ಟಿಯಲ್ಲಿ ಬಾಳುವವರನ್ನು ಮನುಷ್ಯರೆನ್ನಬೇಕೋ ಹುಳಗಳೆನ್ನಬೇಕೋ ಅವನಿಗೆ ತಿಳಿಯಲಿಲ್ಲ.

ಸಂಡಾಸಿನ ಮುಂದೆ ಡಬ್ಬಿ ಹಿಡಿದವರ ಪಾಳಿ. ಹರಿದ ತಾಡಪತ್ರಿಯ ಮೇಲೆ ಟೀವಿಯ ಛತ್ರಿ. "ಹೊಟ್ಟೀಗಿ ಹಿಟ್ಟಿಲ್ಲ, ಜುಟ್ಟಿಗಿ ಮಲ್ಲಿಗಿ ಹೂವ," ಎಂದು ಉಗುಳಿದ. ಬಾಲ ಆಡಿಸುತ್ತ ಕಾಲಿಗೆ ಸುತ್ತಿಕೊಂಡ ನಾಯಿಯನ್ನು ಒದ್ದು ಸರಿಸಿದ. ಇಸ್ತ್ರಿಯ ಪ್ಯಾಂಟಿಗೆ ಕೆಸರು ತಾಗಲಿಲ್ಲವಷ್ಟೇ ಎಂದು ಬಗ್ಗಿ ನೋಡಿಕೊಂಡ.

ಉಗಾರದಲ್ಲಿ ತಂಗಿ ಕೋಮಲ ಇವನ ಮಾತಿಗಾಗಿ ಕಾಯುತ್ತಿದ್ದಳು. ಕಬ್ಬೂರಿನ ಭರಮುವನ್ನು ಅವಳು ಒಪ್ಪಿದ್ದಳು. ಕನ್ಯೆ ನೋಡಲು ಬಂದ ದಿನವೇ ಅವನು, ಪುಣೆಯಲ್ಲಿ ತನ್ನದು ತಗಡಿನ ಒಂದೇ ಖೋಲಿ ಎಂದು ಮುಚ್ಚುಮರೆಯಿಲ್ಲದೆ ಹೇಳಿ, ವಿಳಾಸವನ್ನೂ ಕೊಟ್ಟು ಹೋಗಿದ್ದ. ಶುಕ್ರವಾರ ಸಕ್ಕರೆಪುಡಾ, ಅಂದರೆ ನಿಶ್ಚಿತಾರ್ಥ. ಆದರೆ ಹುಡುಗನ ಮನೆ, ಗುಣ ವಿಚಾರಿಸಿ ಚೌಕಶಿ ಮಾಡದೆ ಹೆಣ್ಣು ಕೊಡುವ ರೂಢಿ ಆ ಕಡೆ ಯಾರಿಗಿದೆ? ಕೊನೆಯ ಮಾತು ಅಣ್ಣನದು. ಅವನು ಹ್ಞೂಂ ಅಂದರೆ ಲಗ್ನ, ಊಹೂಂ ಅಂದರೆ ಮುಗಿಯಿತು.

ಅದಕ್ಕೆ ತಕ್ಕವನೇ ಅಣ್ಣ! ಮಗನಿಗೆ ಕಂಪನಿಯಲ್ಲಿ ಸಾಹೇಬರ ಕುರ್ಚಿ, ನಾಲ್ಕನೆಯ ಮಹಡಿಯಲ್ಲಿ ಫ್ಲ್ಯಾಟು ಎಂದು ತಂದೆ ರಾವಸಾಹೇಬರು ಕಬ್ಬಿನ ಗಾಡಿ ಹೊಡೆಯುವವರನ್ನೂ ನಿಲ್ಲಿಸಿ ಹೇಳುತ್ತಿದ್ದರು.

ಪಕ್ಕದ ಜೋಪಡಿಯಲ್ಲಿ ರೊಟ್ಟಿ ಬಡಿಯುತ್ತಿದ್ದ ಮುದುಕಿ ಗೌರಾಬಾಯಿ ತಲೆ ಎತ್ತಿದಳು. ಅಥಣಿ ಕಡೆಯವಳು.

"ಭರಮು ಡ್ಯೂಟಿಗೆ ಹೋಗ್ಯಾನಪಾ. ಬಂಗಾರದಂಥಾ ಹುಡುಗ. ನನಗ ಜ್ವರಾ ಬಂದಾಗ ಹೆತ್ತ ಮಗನಂಗ ಗಂಜಿ ಕಾಸಿ ಕುಡಿಸ್ಯಾನ. ಒಂದ ಬೀಡಿ ಸೈತ ಸೇದೂದಿಲ್ಲ. ಅವನ ಕೈ ಹಿಡಿಯಾಕಿ ಪುಣ್ಯಾ ಮಾಡ್ಯಾಳ. ಹಾಂ, ನಿನಗೊಂದು ಮಾತ ಹೇಳಂದಾನ..."

"ಆಮ್ಯಾಲ ಹೇಳಬೇ," ಎಂದ ಮಲ್ಲೇಶ. ಇಂಥವರ ಹರಟೆಗೆ ನಿಂತರೆ ಬೆಳಗಾದೀತು. ಫೋನು ಬೇರೆ ಬಡಿದುಕೊಳ್ಳುತ್ತಿತ್ತು. ಅಲುಗಾಡುವ ಹಾಸುಗಲ್ಲನ್ನು ಕೆಳಗೆ ನೋಡದೆಯೇ ದಾಟಿ ಓಣಿಯ ಬಾಯಿಗೆ ಬಂದ.

"ನೋಡಿದೇನಪಾ ಮನಿ?" ರಾವಸಾಹೇಬರ ದನಿ.

"ಮನೀ ಅಂತೀರೇನ್ರಿ ಅದಕ್ಕ? ನಮ್ಮ ದನದ ಕೊಟಿಗಿ ಪಾಡ. ನಳದ ನೀರು ದಿನಾ ಬಿಟ್ಟ ದಿನಾ, ಅದೂ ನಸುಕಿನ್ಯಾಗ. ಮಳೆಗಾಲದಾಗ ಗಟಾರದ ನೀರು ಹಾಸಿಗಿಗೇ ಬರ್ತೈತಿ. ರಾತ್ರಿ ಹೆಗ್ಗಣ ಕಾಲಬೆರಳ ಕಡೀತಾವ."

"ಇಷ್ಟೆಲ್ಲಾ ಹೆಂಗ ಗೊತ್ತಾತೋ?"

"ಚೌಕಶಿ ಅಂದ್ರ ಚೌಕಶೀರಿ."

ರಾವಸಾಹೇಬರು ಹೆಮ್ಮೆಯಿಂದ ಕೆಮ್ಮಿದರು. ಅಷ್ಟರಲ್ಲಿ ಕೋಮಲ ಫೋನು ಕಸಿದುಕೊಂಡಳು.

"ಅಣ್ಣಾ, ಬಡತನಾ ಅಂವ ಮುಚ್ಚಿಟ್ಟಿಲ್ಲ, ನನಗೂ ಅದರ ಅಂಜಿಕಿ ಇಲ್ಲ. ನೀ ಅದ ಊರಾಗ ಇರ್ತಿ. ಬ್ಯಾಸರಾದ್ರ ನಿನ್ನ ಫ್ಲ್ಯಾಟಿಗೆ ಬರ್ತೀನಿ. ಗುಣಾ ಒಂದ ಹೇಳು. ಚಟಾ ಗಿಟಾ ಏನರ ಅದಾವೇನು? ನೀ ಹೇಳಿದ್ದ ಖರೇ."

ಮಲ್ಲೇಶ ಒಮ್ಮೆ ಹಿಂತಿರುಗಿ ಓಣಿಯತ್ತ ನೋಡಿದ.

"ಕುಡೀತಾನವ್ವಾ," ಎಂದ. "ದಿನಾ ಕುಡೀತಾನ. ಕುಡದು ಗಟಾರದಾಗ ಬಿದ್ದಿರ್ತಾನ."

ಆ ಕಡೆಯಿಂದ ಸಣ್ಣ ಅಳು ಕೇಳಿಸಿತು. ಫೋನು ಮತ್ತೆ ರಾವಸಾಹೇಬರ ಕೈಗೆ ಹೋಯಿತು.

"ಭೇಷ್ ಮಗನ! ನೀ ಇದ್ದೀ ಅಂತ ಹುಡುಗಿ ಬಾಳೇ ಉಳೀತು. ಸಂಬಂಧ ಮುರೀತು ಅಂತ ಕಬ್ಬೂರಿಗೆ ಈಗ ಹೇಳಿ ಕಳಸ್ತೀನಿ."

ಸದ್ಯ, ಗಂಡಾಂತರ ಕಳೆಯಿತು! ಮಲ್ಲೇಶ ಫೋನನ್ನು ಕಿಸೆಗಿಳಿಸಿ ಮತ್ತೆ ಅದೇ ಓಣಿಗೆ ನುಗ್ಗಿದ. ತಗ್ಗಾದ ತಗಡಿನ ಅಂಚು ಬರುವ ಮೊದಲೇ ತಲೆ ಬಾಗಿಸಿದ. ಭರಮುವಿನ ಬಾಗಿಲು ದಾಟಿದ. ಗೌರಾಬಾಯಿಯ ಒಲೆ ದಾಟಿದ. ಅದರಾಚೆಯ ತಗಡಿನ ಬಾಗಿಲ ಮುಂದೆ ನಿಂತು, ಕೀಲಿಕೈ ತೆಗೆದು ತನ್ನ ಮನೆಯ ಬೀಗಕ್ಕೆ ಹಾಕಿದ.

"ಬಂದೇನಪಾ? ಭರಮು ಹೇಳಂದ ಮಾತ ಕೇಳಿ ಮಲಗು," ಗೌರಾಬಾಯಿ ಒಳಗಿನಿಂದಲೇ ಕೂಗಿದಳು. "ಕನ್ಯಾ ನೋಡಾಕ ಹೋದಾಗ ಅವರ ಗ್ವಾಡಿ ಮ್ಯಾಲ ನಿನ್ನ ಫೋಟೋ ನೋಡಿದ್ನಂತ. ನೀ ಇಲ್ಲಿರೂದು ಅಲ್ಲಿ ಯಾರಿಗೂ ಹೇಳಿಲ್ಲಂತ. ಲಗ್ನಾದ ಮ್ಯಾಲ ಬ್ಯಾರೆ ಕಡೆ ಖೋಲಿ ಹಿಡೀತಾನಂತ, ನಿನ್ನ ಮರ್ಯಾದಿ ಹೋಗಗೊಡೂದಿಲ್ಲಂತ. ಹೆದರಬ್ಯಾಡ ಅಂದಾನ."